ದಾಖಲ್ ದಫ್ತರ್

ಸುರಪುರದ ಕಲ್ಲುಕುಟಿಗ ಅಮಾತೆಪ್ಪನ ಒಬ್ಬನೇ ಮಗ ಪರಮಣ್ಣ ಹೈದರಾಬಾದಿನಲ್ಲಿ ನಕ್ಷೆ ಬರೆಯುವುದನ್ನು ಕಲಿತು ಬಂದಿದ್ದ. ನಿಜಾಮನ ಆಳಿಕೆ ಮುಗಿದ ಮರುವರ್ಷವೇ ಊರಿಗೊಂದು ಸಭಾಭವನದ ನಕ್ಷೆ ಬರೆದ. ಎಂಟು ದುಂಡು ಕಂಬ, ಅವುಗಳ ನೆತ್ತಿಯ ಮೇಲೆ ಮೂರು ಮೂಲೆಯ ಹಣೆ, ಮುಂದೆ ಊರಗಲದ ಮೆಟ್ಟಿಲು.

"ಏನಲೇ, ಈ ಕಂಬ ಆನಿ ಕಟ್ಟಾಕೇನು?" ಎಂದು ಅಪ್ಪ ನಕ್ಕರೆ, "ಮಂದಿ ಕುಂದ್ರಾಕ ಅಪ್ಪಾ. ಇನ್ನ ಮಂದೀನ ದೊರಿ" ಎಂದಿದ್ದ. ಅದೇ ಬೇಸಿಗೆಯಲ್ಲಿ ಕಾಲರಾ ಬಂದು ಪರಮಣ್ಣ ತೀರಿಕೊಂಡ.

ನಕ್ಷೆಯನ್ನು ತಹಶೀಲ ಕಚೇರಿಗೆ ಒಯ್ದವನು ಪರಮಣ್ಣನ ಗೆಳೆಯ, ಅಲ್ಲಿಯ ಗುಮಾಸ್ತ ನೀಲಕಂಠ. ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಂದು, "ಕಾಕಾ, ದಾಖಲ್ ದಫ್ತರ್ ಆತ್ರಿ" ಎಂದ. ಉರ್ದು ಬಾರದ ಅಮಾತೆಪ್ಪ, ದಫ್ತರದಲ್ಲಿ ದಾಖಲಾಯಿತೆಂದರೆ ಸರಕಾರ ಒಪ್ಪಿತೆಂದೇ ತಿಳಿದ. ಹೆಂಡತಿ ಮಾನಮ್ಮ ಹೋಳಿಗೆ ಮಾಡಿ, "ನೀನೂ ನನ್ನ ಹೊಟ್ಯಾಗ ಹುಟ್ಟಿದಂವನಪಾ" ಎಂದು ತುಪ್ಪ ಸುರಿದಳು. ನೀಲಕಂಠ ಉಂಡ. ಅಂದಿನಿಂದ ಹಬ್ಬ ಹಬ್ಬಕ್ಕೂ ಬಂದು ಉಂಡ. ಅಮಾತೆಪ್ಪ ಬೆಳಗಾದರೆ ಗುಡ್ಡ ಹತ್ತಿ ಕಂಬದ ಕಲ್ಲು ದುಂಡು ಮಾಡುತ್ತಿದ್ದ. ಆರು ವರ್ಷಕ್ಕೆ ಮೂರು ಕಂಬ ಆದವು.

ಕಚೇರಿ ಕನ್ನಡಕ್ಕೆ ತಿರುಗಿದಾಗ ಹಳೆಯ ಉರ್ದು ಕಾಗದಗಳು ಹೊರಬಿದ್ದವು. ಮುನಶಿ ಮೈನುದ್ದೀನ ನಕ್ಷೆಯನ್ನು ಗುರುತು ಹಿಡಿದು ತಂದುಕೊಟ್ಟ. ನಕ್ಷೆಯ ಬೆನ್ನ ಮೇಲೆ ಒಂದು ಸಾಲು ಉರ್ದು ಬರಹವಿತ್ತು.

"ಏನೈತಿ ಓದ್ರಿ ಸಾಬರ."

"'ಊರಿಗೆ ಇದರ ಜರೂರು ಇಲ್ಲ. ದಾಖಲ್ ದಫ್ತರ್.' ಅಂದ್ರ, ಕಡತ ಮುಚ್ಚಿ ಒಳಗ ಇಡ್ರಿ ಅಂತ, ಅಮಾತೆಪ್ಪ. ಮಣ್ಣು ಮಾಡಿದಂಗ." ಮುನಶಿ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದ: "ತಹಶೀಲ್ದಾರ ಸಾಹೇಬ ಬರೇ ಸಹಿ ಹಾಕ್ಯಾನ. ಬರದಂವ ನೀಲಕಂಠ."

ಅಮಾತೆಪ್ಪ ನಕ್ಷೆ ಹಿಡಿದು ಹೋಗಿ ಕೇಳಿದಾಗ ಕಚೇರಿಯ ಪಡಸಾಲೆಯಲ್ಲಿ ನೀಲಕಂಠ ತಲೆ ಎತ್ತಲಿಲ್ಲ. "ಅಷ್ಟು ದೊಡ್ಡದು ಇಲ್ಲಿ ಯಾರು ಕಟ್ಟಸ್ತಾರ ಕಾಕಾ? ಸಾಹೇಬ್ರು ನಗತಾರಂತ ಅಂಜಿ ಹಂಗ ಬರದೆ. ಹೇಳಾಕಂತನ ಬಂದಿದ್ದೆ, ನೀವ ಖುಷಿ ಆದ್ರಿ."

"ಆರು ವರ್ಷ ನಾ ಕಲ್ಲು ಕಡಿಯೋದು ನೋಡಿದಿ. ಒಂದಿನ ಬಾಯಿ ತೆರೀಲಿಲ್ಲಲ್ಲೋ?"

"ಅವ್ವ ಎಲಿ ಹಾಕತಿದ್ಲು..."

"ಹೌದಪಾ, ಉಣ್ಣಾಕ ತೆರದಿ. ಇನ್ನ ಆಕೀನ ಅವ್ವ ಅನಬ್ಯಾಡ."

ಆ ಯುಗಾದಿಗೆ ಮಾನಮ್ಮ ಎಲೆ ಹಾಕಿ ಬಾಗಿಲು ನೋಡುತ್ತಾ ಕುಳಿತಳು. "ನೀಲಕಂಠ ಯಾಕ ಇನ್ನ ಬರವಲ್ಲ?"

ಅಮಾತೆಪ್ಪ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ನಿಜ ಹೇಳಿದರೆ ಆಕೆಯ ಪಾಲಿಗೆ ಇನ್ನೊಬ್ಬ ಮಗನೂ ಹೋದಂತೆ. "ಭವನದ ಕೆಲಸಕ್ಕ ಗುಲಬರ್ಗಾಕ್ಕ ಹೋಗ್ಯಾನ" ಎಂದ.

"ಹಂಗಾದ್ರ ಲಗೂನ ಕಟ್ಟಾಕ ಹತ್ತತಾರ" ಎಂದು ಆಕೆ ನಕ್ಕಳು.

ದೀಪ ಉರಿಯಿತು. ಅಮಾತೆಪ್ಪನಿಗೆ ಕೈಮುಗಿಯಲು ಕೈ ಮೇಲೇಳಲಿಲ್ಲ.