ಅಂಕಣದ ಮಹೇಂದ್ರನ ಫ್ಲೆಕ್ಸು

ಭೇರ್ಯದ ಆಸುಪಾಸಿನಲ್ಲಿ ಎಲ್ಲಿ ಕಬಡ್ಡಿ ಪಂದ್ಯ ನಡೆದರೂ ಅಂಕಣ ಹದಮಾಡಲು ಮಹೇಂದ್ರನೇ ಬರಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಹುಣಸೂರಿನ ಸಾಮಿಲ್ಲಿನಿಂದ ತಂದ ಮರದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ಬಿದ್ದವನ ಮೊಣಕೈ ತರಚದಂತೆ ನೆಲವನ್ನು ಮೆದುಮಾಡುವನು. ಕೂಲಿ ಕೊಡಹೋದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವನು. ಯಾಕೆಂದು ಕೇಳಿದವರಿಗೆ, "ಆಟದ ಮ್ಯಾಗಿನ ಪ್ರೀತಿ ಕಣ್ರೀ" ಎನ್ನುವನು. ತಾನೂ ಹಾಗೆಂದೇ ನಂಬಿದ್ದನು.

ಈ ಸಲ ಊರ ತಂಡದ ನಾಯಕ ಸುನೀಲ್ ಕುಮಾರ್, ಅವನಿಗೆ ಹೇಳದೆಯೇ, ಮೈದಾನದ ಬಾಗಿಲಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ: ಕೈಮುಗಿದು ನಗುವ ಮಹೇಂದ್ರ, ಕೆಳಗೆ 'ಸಮಾಜ ಸೇವಕರು'. ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಆ ಸೀಮೆಯಲ್ಲಿ ಕೈಮುಗಿದ ಚಿತ್ರಕ್ಕೆ ಇರುವುದು ಒಂದೇ ಅರ್ಥ.

ಪಂದ್ಯ ನಡೆಸುವ ಸಂಘದ ಅಧ್ಯಕ್ಷನೂ ಹಾಲಿ ಪಂಚಾಯ್ತಿ ಸದಸ್ಯನೂ ಆದ ಗಂಗಾಧರಪ್ಪ ಬೆಳಗ್ಗೆ ಬಂದವನೇ ಸಿಡಿದ.

"ಏನ್ಲಾ, ಮಣ್ಣು ಕಲಸ್ತೀನಿ ಅಂತ ಬಂದು ನನ್ ಸೀಟಿಗೇ ಟವಲ್ ಆಕ್ತಿದ್ದೀಯಾ?"

"ನಂಗ್ಯಾಕಣ್ಣ ಎಲೆಕ್ಷನ್ನು? ದೇವ್ರಾಣೆ, ಇದು ನಂಗೊತ್ತೇ ಇಲ್ಲ."

"ನಿಲ್ಲಲ್ಲ ನಿಲ್ಲಲ್ಲ ಅಂದೋರೇ ಕಣ್ಲಾ ನಿಂತಿರೋರು. ನಿನ್ ಕೈಯಾರೆ ಬಿಚ್ಚು. ಇಲ್ದಿದ್ರೆ ಅಂಕಣಕ್ಕೆ ಕಾಲಿಡ್ಬ್ಯಾಡ."

ಅಂಕಣವಿಲ್ಲದ ಬದುಕು ಅವನಿಗೆ ಸಾರಿಲ್ಲದ ಮುದ್ದೆ, ಗಂಟಲಿಳಿಯದು. "ಅಷ್ಟೇ ತಾನೆ, ಬುಡಣ್ಣ" ಎಂದು ಏಣಿ ಹತ್ತಿದ.

ಒಂದು ಗಂಟು ಬಿಚ್ಚಿತು. ಎರಡನೆಯದಕ್ಕೆ ಕೈಯಿಟ್ಟಾಗ ತನ್ನ ಮುಖ ತನಗೇ ಎದುರಾಯಿತು. ಮದುವೆಯ ದಿನವೂ ಅವನು ಅಷ್ಟು ಲಕ್ಷಣವಾಗಿ ಕಂಡಿರಲಿಲ್ಲ. ಕೆಳಗೆ ಹಾಯುತ್ತಿದ್ದ ಹೆಂಗಸೊಬ್ಬಳು, "ಇವ್ರೇ ಕಣೆ, ಅಂಕಣದ ಮಹೇಂದ್ರಣ್ಣ" ಎಂದು ಗೆಳತಿಗೆ ತೋರಿಸಿದಳು. ಬೆರಳುಗಳು ಗಂಟಿನ ಮೇಲೆಯೇ ನಿಂತವು. ಆಟದ ಪ್ರೀತಿ ಸುಳ್ಳಲ್ಲ. ಆದರೆ ಪಂದ್ಯ ಮುಗಿದ ಮೇಲೂ, ಮೈಕಿನಲ್ಲಿ ತನ್ನ ಹೆಸರು ಕೂಗುವವರೆಗೆ ತಾನು ಮೈದಾನ ಬಿಟ್ಟು ಕದಲುತ್ತಿರಲಿಲ್ಲವೆಂಬುದು ಈಗ ನೆನಪಾಯಿತು. ಗಂಗಾಧರಪ್ಪನಿಗೆ ಸೀಟು ಬೇಕು, ತನಗೆ ಈ ಕೂಗು. ನಾಚಿಕೆಯೂ ನಗೆಯೂ ಒಟ್ಟಿಗೇ ಬಂದವು.

"ಏನ್ಲಾ, ಬಿಚ್ತೀಯೋ, ಕನ್ನಡಿ ನೋಡ್ಕಂಡು ಕ್ರಾಪ್ ತಿದ್ಕತೀಯೋ?"

"ವಸಿ ನೋಡ್ಕತೀನಿ ಇರಿ. ಸೀಟಿನ್ ಆಸೆ ಇಲ್ಲ ಕಣಣ್ಣ, ಇದ್ರ ಆಸೆ ಅದೆ."

ಜಗಳಕ್ಕೆ ಸಿದ್ಧನಾಗಿ ನಿಂತಿದ್ದ ಗಂಗಾಧರಪ್ಪ ಈ ಒಪ್ಪಿಗೆ ಕೇಳಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹದಗೊಳಿಸಿದ ಮಣ್ಣಿನ ರಾಶಿ ಅಂಕಣದ ಪಕ್ಕದಲ್ಲಿ ಬಿಸಿಲಿಗೆ ಒಣಗಿ ಹದ ಕೆಡುತ್ತಿತ್ತು. ಮಹೇಂದ್ರ ಬಿಚ್ಚಿದ ಫ್ಲೆಕ್ಸನ್ನು ಅದಕ್ಕೆ ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟ. ಮುಖ ಮೇಲಾಗಿಯೇ ಹೊದಿಸಿದ.