ಮದ್ದಳೆಯನ್ನು ಗದ್ದಲವೆಂದ ಮೈಕು

ಇದು ನನ್ನ ಉಸಿರೇ ಇರಬೇಕು, ಇಷ್ಟು ಹತ್ತಿರದಿಂದ ಅದನ್ನು ಎಂದೂ ಕೇಳಿರಲಿಲ್ಲ, ಈ ಮೆತ್ತನೆಯ ಹೆಡ್‌ಫೋನು ಕಿವಿಯ ಮೇಲೆ ಕೂತಿದ್ದೇ ತಡ ಶಿರಸಿ ಪೇಟೆಯೆಲ್ಲ ನೀರಿನೊಳಗೆ ಇಳಿದು ಹೋಯಿತು, ರಸ್ತೆಯಲ್ಲಿ ಸ್ಕೂಟರುಗಳು ಮೀನಿನ ಹಾಗೆ ಸುಮ್ಮನೆ ಜಾರುತ್ತಿವೆ, ಅಂಗಡಿಯ ಉಲ್ಲಾಸನ ಬಾಯಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ, ಅಕ್ಕಾ ಈ ಮೈಕು ಹತ್ರದ್ದು ಮಾತ್ರ ಹಿಡಿತದೆ, ದೂರದ್ದು ಬಿಟ್ಟು ಬಿಡ್ತದೆ, ಎಂತಾದ್ರೂ ಹೇಳಿ ನೋಡಿ — ಹೇಳುವುದಿಲ್ಲಪ್ಪ, ಹೇಳಿ ನೋಡಿಯೇ ಒಮ್ಮೆ ಕೆಟ್ಟಿದ್ದೇನೆ, ಈ ಸಲ ಗಾಜಿನ ಮೇಜನ್ನು ಬೆರಳ ತುದಿಯಿಂದ ತಟ್ಟುತ್ತೇನೆ, ತಕಿಟ ತಕಧಿಮಿ, ಸದ್ದು ದುಂಡಗೆ ಬಂದು ಕಿವಿಯೊಳಗೆ ಕೂರುತ್ತದೆ, ಆಹಾ. ಉಲ್ಲಾಸ ನಗುತ್ತಾನೆ, ಮದ್ದಳೆ ಬಾರಿಸ್ತ್ರಾ ಅಕ್ಕಾ ನೀವು? ಹೌದು, ಬಾರಿಸುತ್ತೇನೆ, ಹೆಂಗಸರ ಕೈಗೂ ಹತ್ತು ಬೆರಳಿರುತ್ತವೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ, ಯಾಕೆಂದರೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಾರೆ. ಕಣ್ಣಿನ ಡಾಕ್ಟರು ಔಷಧಿಯ ಹನಿ ಬಿಟ್ಟು ಕಳಿಸಿದ್ದಾರೆ, ಲೋಕವೆಲ್ಲ ಮಂಜು ಮಂಜು ಕಾಣುತ್ತಿದೆಯಂತೆ, ಹಾಗೆಂದೂ ಅವರಾಗಿ ಹೇಳಲಿಲ್ಲ, ಡಾಕ್ಟರು ಕೇಳಿದ್ದಕ್ಕೆ ತಲೆ ಆಡಿಸಿದರು. ಯಲ್ಲಾಪುರದ ಬಸ್ಸಿಗೆ ಇನ್ನೂ ಹೊತ್ತಿದೆ.

ಮನೆಯಲ್ಲಿ ಗಲಾಟೆ ಜಾಸ್ತಿಯಾ, ಉಲ್ಲಾಸ ಕೇಳುತ್ತಾನೆ, ಅದರ ಮೇಲೆ ಯಾವ ಮೈಕು ಅಂತ ಹೇಳ್ಬಹುದು. ಗಲಾಟೆ? ಅಯ್ಯೋ ತಮ್ಮಾ, ನಮ್ಮದು ಹೆದ್ದಾರಿಯ ಪಕ್ಕದ ಮನೆ, ಘಟ್ಟ ಇಳಿಯುವ ಲಾರಿ ಹಾರ್ನು ಹೊಡೆದರೆ ಗೂಡಿನಲ್ಲಿಟ್ಟ ಲೋಟ ನಡುಗುತ್ತದೆ, ಜಗಲಿಯಲ್ಲಿ ನನ್ನ ಗಂಡ ಪ್ರಮೋದನ ಮಿಕ್ಸಿ ರಿಪೇರಿ, ಊರಿನ ಕೆಟ್ಟ ಮಿಕ್ಸಿಗಳೆಲ್ಲ ನಮ್ಮನೆಗೆ ಬಂದೇ ಅರಚಬೇಕು, ಅದರ ಮೇಲೆ ಕುಕ್ಕರು, ಕುಕ್ಕರಿನ ಮೇಲೆ ಅತ್ತೆಯ ಫೋನು — ಸಿದ್ದಾಪುರದಲ್ಲಿರುವ ತಂಗಿ ಗಂಗೆಯ ಜತೆ ದಿನಾ ಮಾತು, ಫೋನಿಲ್ಲದೆಯೂ ಸಿದ್ದಾಪುರಕ್ಕೆ ಕೇಳುವಷ್ಟು ದೊಡ್ಡ ದನಿ, ಗಂಗೇ ಇಂದು ಎಂತ ಅಡ್ಗೆ ಮಾಡಿದ್ದೇ ಎಂದು ಶುರುವಾದರೆ ಸಾರಿನಿಂದ ಹಿಡಿದು ಸತ್ತವರ ತನಕ ಎಲ್ಲರೂ ಬಂದು ಹೋಗುತ್ತಿದ್ದರು, ಆ ಎಲ್ಲದರ ನಡುವೆ ಒಳಕೋಣೆಯಲ್ಲಿ ನಾನು, ನನ್ನ ಮದ್ದಳೆ. ಒಮ್ಮೊಮ್ಮೆ ಕುಕ್ಕರಿನ ಸೀಟಿ ಸರಿಯಾಗಿ ತಾಳದ ಮುಕ್ತಾಯಕ್ಕೇ ಬಂದು ಬೀಳುತ್ತಿತ್ತು, ಆಗ ಒಬ್ಬಳೇ ನಗುತ್ತಿದ್ದೆ. ಎಂತಾ ಸದ್ದೇ ಇದು, ತಲೆ ಒಡೀತು ಎಂದು ಅತ್ತೆ ಬೈಯುವುದು, ಬೈದು ಮುಗಿದ ಮೇಲೆ ಬಾಗಿಲ ಸಂದಿಯಿಂದ ಚಾ ಲೋಟ ಒಳಗೆ ನೂಕುವುದು, ಇದು ಇತ್ತು, ಹೀಗೆ ನಡೆದಿತ್ತು, ಚೆನ್ನಾಗಿಯೇ ಇತ್ತು. ಇದನ್ನೆಲ್ಲ ಉಲ್ಲಾಸನಿಗೆ ಹೇಗೆ ಹೇಳಲಿ. ಹಿಂದೆ ಇತ್ತು, ಈಗ ಇಲ್ಲ ಎನ್ನುತ್ತೇನೆ, ಅವನಿಗೆ ಅರ್ಥವಾಗುವುದಿಲ್ಲ, ಇನ್ನೊಂದು ಡಬ್ಬಿ ಒಡೆಯಲು ಕತ್ತರಿ ಹುಡುಕುತ್ತಾನೆ.

ಯಕ್ಷಗಾನ ಪ್ರಿಯರ ಗುಂಪೊಂದು ಕೇಳಿತ್ತು, ಭಾನುವಾರ ಸಂಜೆ ಲೈವ್ ಬನ್ನಿ, ಮದ್ದಳೆ ಒಂದೇ, ಭಾಗವತರು ಬೇಡ, ನಿಮ್ಮ ಕೈ ಒಂದೇ ಸಾಕು — ನಿಮ್ಮ ಕೈ ಒಂದೇ ಸಾಕು, ಈ ಮಾತನ್ನು ಎಷ್ಟು ಸಲ ಓದಿದ್ದೆನೋ. ನಮ್ಮನೆಯವರೇ ಕಾಲರ್ ಮೈಕು ತರಿಸಿದರು, ಗದ್ದಲ ಕಳೆಯುವ ಗುಂಡಿ ಇರುವಂಥದ್ದು, ಕೆಟ್ಟ ಮಿಕ್ಸಿಯನ್ನು ಜೋರಾಗಿ ತಿರುಗಿಸಿ ಅದರ ಪಕ್ಕ ನನ್ನನ್ನು ನಿಲ್ಲಿಸಿದರು, ಹಲೋ ಹೇಳು, ಹಲೋ ಹಲೋ, ಒಂದು ಎರಡು ಮೂರು, ಕೇಳಿಸಿ ನೋಡಿದರೆ ಮಿಕ್ಸಿ ಮಾಯ, ನನ್ನ ಹಲೋ ಮಾತ್ರ ತೊಳೆದಿಟ್ಟ ಹಾಗೆ ನಿಂತಿದೆ, ಎಂತಾ ಮೈಕೇ ಇದು ಎಂದು ಇವರು ಕುಣಿದಾಡಿದರು, ನಾನೂ ಕುಣಿದೆ. ಮದ್ದಳೆಯನ್ನು ಮಾತ್ರ ಅದರ ಮುಂದೆ ಬಾರಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಮೈಕು ಎಂದರೆ ಹಲೋ ಎನ್ನುವುದು, ಮದುವೆಮನೆಯಿಂದ ಹಿಡಿದು ಎಲ್ಲ ಕಡೆ ಹಾಗೇ ತಾನೆ. ಭಾನುವಾರ ಕಣ್ಣು ಮುಚ್ಚಿ ಬಾರಿಸಿದೆ, ಬೆರಳುಗಳು ತಾವಾಗಿಯೇ ಓಡಿದವು, ಎಡಗೈಯ ಗುಂಕಾರ ನೆಲದಿಂದ ಎದ್ದು ಬೆನ್ನಿಗೆ ಬರುತ್ತಿತ್ತು, ಅಷ್ಟು ಚೆಂದ ಮತ್ತೆಂದೂ ಬಾರಿಸಲಾರೆ, ಬಾರಿಸುತ್ತ ಎಲ್ಲೋ ತೇಲಿ ಹೋಗಿದ್ದೆ. ಆಮೇಲೆ ನೋಡಿದರೆ, ವಿಡಿಯೊದಲ್ಲಿ ನನ್ನ ಕೈ ಹಾರುತ್ತಿದೆ, ಸದ್ದಿಲ್ಲ. ಆ ಮೈಕಿಗೆ ಮನುಷ್ಯರ ಮಾತೊಂದೇ ಮಾತು, ಉಳಿದದ್ದೆಲ್ಲ ಗದ್ದಲ, ಲಾರಿ ಅಳಿಸಿತು, ಮಿಕ್ಸಿ ಅಳಿಸಿತು, ಮದ್ದಳೆಯನ್ನೂ ಅಳಿಸಿತು, ಅಡುಗೆಮನೆಯಿಂದ ಬಂದ ಅತ್ತೆಯ ದನಿಯನ್ನು ಮಾತ್ರ ಜೋಪಾನವಾಗಿ ಎತ್ತಿ ಲೈವಿಗೆ ಕೊಟ್ಟಿತು — ಮಕ್ಕ ಇಲ್ಲದ ಕೈಗೆ ಎಂತಾರೂ ಒಂದು ಬೇಕಲೇ ಗಂಗೇ, ಬಡ್ಕಳ್ಲಿ ಬಿಡು. ಹಾರುತ್ತಿರುವ ನನ್ನ ಕೈ, ಅದರ ಮೇಲೆ ಈ ಮಾತು. ಕೆಳಗೆ ಯಾರೋ ಬರೆದಿದ್ದರು, ಅಕ್ಕಾ ಮದ್ದಳೆ ಕೇಳ್ತಾ ಇಲ್ಲೆ, ಮಾತು ಕೇಳ್ತು.

ನೋಯಿತು, ನೋಯಲಿಲ್ಲ ಎಂದರೆ ಸುಳ್ಳು. ಮಕ್ಕಳಾಗಲೆಂದು ಆಸ್ಪತ್ರೆಗಳಿಗೆ ಅಲೆದಾಗ ಕೈ ಹಿಡಿದು ಮೆಟ್ಟಿಲು ಹತ್ತಿಸಿದವರು ಇದೇ ಅತ್ತೆ, ಮಾತ್ರೆಯ ಹೊತ್ತು ನೆನಪಿಸಿದವರು, ಇಷ್ಟು ವರ್ಷ ಆ ಬಗ್ಗೆ ಒಂದು ಮಾತು ಆಡದವರು, ಒಳಗೆ ಇಟ್ಟುಕೊಂಡಿದ್ದರಲ್ಲ, ಅದನ್ನು ತಂಗಿಯ ಹತ್ತಿರವಾದರೂ ಆಡಬೇಕಲ್ಲ, ಮತ್ತೆ ಯಾರ ಹತ್ತಿರ ಆಡುತ್ತಾರೆ — ಹೀಗೆ ಅವರ ಪರವಾಗಿ ನಾನೇ ವಾದ ಹೂಡಿ ನಾನೇ ಸೋತೆ, ಎಷ್ಟೋ ಸಲ. ಮರುದಿನ ಗಂಗೆ ಚಿಕ್ಕತ್ತೆಯ ಫೋನು ಬಂತು, ಅಕ್ಕಾ, ನೀ ಹೇಳಿದ್ದು ಲೈವಲ್ಲಿ ಎಲ್ಲಾ ಕೇಳಿ ಹೋತು ಮಾರಾಯ್ತಿ. ಅತ್ತೆ ಫೋನು ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮಗೆಲ್ಲ ಹೇಳುತ್ತಿದ್ದವರು ಅವರೇ. ಅಂದಿನಿಂದ ಮನೆ ನಿಶ್ಶಬ್ದ, ಲಾರಿ ಇದೆ, ಮಿಕ್ಸಿ ಇದೆ, ಆದರೂ ನಿಶ್ಶಬ್ದ, ಚಾ ಬರುತ್ತದೆ ಬೈಗುಳ ಬರುವುದಿಲ್ಲ, ಚೊಂಬಿನ ಕೆಳಗೆ ಬಟ್ಟೆ ಹಾಸಿ ಇಡುತ್ತಾರೆ, ನಾನು ಮದ್ದಳೆಗೆ ಕೂತರೆ ಒಗ್ಗರಣೆಯನ್ನೇ ಮುಂದೂಡುತ್ತಾರೆ, ಮೊನ್ನೆ ನೀರಿಗೆಂದು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ, ಬಲಗೈ ಸಾರು ತಿರುಗಿಸುತ್ತಿದೆ, ಎಡಗೈ ಆ ಬಲಗೈಯ ಮಣಿಕಟ್ಟನ್ನು ಸುತ್ತಿ ಹಿಡಿದಿದೆ, ಬಳೆ ಸದ್ದಾಗಬಾರದೆಂದು. ತಮ್ಮದೇ ಮನೆಯಲ್ಲಿ, ತಮ್ಮದೇ ಬಳೆ. ವಾಪಸು ಬಂದು ಕೂತರೆ ತಾಳ ತಪ್ಪಿತು, ಒಂದಲ್ಲ ಎಲ್ಲ ತಪ್ಪಿತು, ಇವರು ಹೊರಗಿನಿಂದ ಕೂಗಿದರು, ಮೈಕ್ ಬದಲ್ಸನ ತಗ, ಎಲ್ಲ ಸರಿ ಆಗ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ನೆಲ ನಿಜವಾಗಿಯೂ ಡೊಂಕಾಗಿದೆ, ಅದನ್ನು ನೆಟ್ಟಗೆ ಮಾಡುವ ಮೈಕು ಯಾವ ಅಂಗಡಿಯಲ್ಲಿ ಸಿಗುತ್ತದೋ, ಗೊತ್ತಿಲ್ಲ.

ಇದು ಕೊನೇದು ಅಕ್ಕಾ, ಉಲ್ಲಾಸ ಹೇಳುತ್ತಾನೆ, ಗಲಾಟೆ ಇದ್ದಲ್ಲಿ ಇದು ಬೇಡ, ಇದು ಎಲ್ಲಾ ಹಿಡಿತದೆ, ಇರುವೆ ನಡೆದ್ರೂ ಕೇಳ್ತದೆ — ತಂತಿ ಸಿಕ್ಕಿಸಿದ, ಅಬ್ಬಾ, ನೀರಿನೊಳಗಿದ್ದ ಪೇಟೆ ಒಮ್ಮೆಲೇ ಮೇಲೆದ್ದು ಬಂತು, ಬಸ್‌ಸ್ಟ್ಯಾಂಡಿನ ಕಡೆಯಿಂದ ಕುಮಟಾ ಕುಮಟಾ ಎನ್ನುವ ಕೂಗು, ಎದುರಿನ ಹೋಟೆಲಿನ ದೋಸೆಕಾವಲಿಗೆ ನೀರು ಚಿಮುಕಿಸಿದ ಸುಯ್ಯ್, ಯಾರದೋ ಚಪ್ಪಲಿ, ಮೇಲೆ ಫ್ಯಾನಿನ ಕೀಲು, ಎಲ್ಲವೂ ಹೊಸದು, ಎಲ್ಲವೂ ಹತ್ತಿರ, ಇದರಲ್ಲಿ ಅತ್ತೆ ಎಲ್ಲಿ, ಇಷ್ಟು ಸದ್ದಿನಲ್ಲಿ ಅತ್ತೆಯದು ಯಾವುದು, ಹುಡುಕುತ್ತೇನೆ, ಇಲ್ಲ. ಉಲ್ಲಾಸನಿಗೆ ಹುಮ್ಮಸ್ಸು, ಮೈಕನ್ನು ಬಾಗಿಲಿನತ್ತ ಚಾಚಿದ, ಅಮ್ಮಾ ನೀವೊಂದು ಮಾತಾಡಿ, ಟೆಸ್ಟ್ ಮಾಡುವಾ. ಅತ್ತೆ ಬೆನ್ನು ಹಿಂದಕ್ಕೆ ಸರಿಸಿದರು, ಮಂಜುಗಣ್ಣಿಗೆ ಅದೇನು ಕಂಡಿತೋ, ಎಡಗೈ ಹೋಗಿ ಬಲಗೈಯ ಬಳೆಗಳನ್ನು ಮುಚ್ಚಿ ಹಿಡಿಯಿತು. ಇಲ್ಲೂ. ಈ ಅಂಗಡಿಯಲ್ಲೂ. ಅತ್ತೇ, ಎಂತಾದ್ರೂ ಹೇಳಿ, ಎಂಗೆ ಸಿಟ್ಟಿಲ್ಲೆ ಎಂದೆ, ನನಗೆ ಸಿಟ್ಟಿಲ್ಲ ಎಂದ ನನ್ನ ದನಿ ನನ್ನ ಕಿವಿಗೇ ಬಂದು ಬಡಿಯಿತು, ಸುಳ್ಳು, ಸುಳ್ಳನ್ನು ಇಷ್ಟು ಹತ್ತಿರದಿಂದ ಕೇಳುವುದು ಕಷ್ಟ, ಸಿಟ್ಟಿದ್ದು ಅತ್ತೆ, ಇದ್ದು, ಆದ್ರೂ ಮಾತಾಡಿ, ಎಂದು ತಿದ್ದಿಕೊಂಡೆ. ಉಲ್ಲಾಸ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಮೈಕನ್ನು ಹಾಗೇ ಹಿಡಿದುಕೊಂಡು ನಿಂತ. ಮೊದಲು ಉಸಿರು ಬಂತು, ಆಮೇಲೆ ಒಣಗಿದ ತುಟಿ ಬಿಡುವ ಸಣ್ಣ ಸದ್ದು, ಆಮೇಲೆ ಎಷ್ಟೋ ದಿನದ ಮೇಲೆ ಆ ದನಿ, ನನ್ನ ಕಿವಿಯೊಳಗೇ ಕೂತು ಕೇಳಿದ ಹಾಗೆ, ಪಿಸುಮಾತು — ಇದು ಊರಿಗೆಲ್ಲಾ ಕೇಳ್ತನೇ? ಇಲ್ಲೆ ಅತ್ತೆ, ಎಂಗೆ ಮಾತ್ರ ಕೇಳ್ತು. ಎಂಗೆ ಮಾತ್ರ. ತುಟಿ ಮತ್ತೆ ತೆರೆಯಿತು, ತೆರೆದು ಹಾಗೇ ನಿಂತಿತು, ಕಣ್ಣಿನಿಂದ ಇಳಿಯುತ್ತಿರುವುದು ಡಾಕ್ಟರ ಔಷಧಿಯೋ ಏನೋ, ಹೇಳಿ ಅತ್ತೆ, ಬೈಯಿರಿ ಬೇಕಾದರೆ, ತಲೆ ಒಡೀತು ಎನ್ನಿ, ನಾನು ಕಾಯುತ್ತೇನೆ, ಬಸ್ಸು ಹೋದರೆ ಹೋಗಲಿ, ಉಸಿರು ಬರುತ್ತಿದೆ, ಹೋಗುತ್ತಿದೆ, ಕೈ ಮಾತ್ರ ಬಳೆಯ ಮೇಲಿದೆ, ಗಟ್ಟಿಯಾಗಿ, ಬೆರಳ ಗೆಣ್ಣು ಬಿಳಿಚಿಕೊಳ್ಳುವಷ್ಟು, ಬಳೆಯ ಮೇಲೆ ಕೈ, ಆ ಕೈ, ಇನ್ನೂ ಬಳೆಯ ಮೇಲೇ.