ಖಾರ ಹಾಕುವ ಹೊತ್ತು

ಯಮನಪ್ಪನ ಬಿಗಿಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ರಾಮಲಿಂಗಪ್ಪ ಇಕ್ಕಳವನ್ನು ಹೊರಗೆಳೆದ. ಅದರ ತುದಿಯಲ್ಲಿದ್ದ ಹೋತದ ತಲೆ ಒಂದು ಕೆನ್ನೆ ಸುಟ್ಟುಕೊಂಡು, ಇನ್ನೊಂದು ಕೆನ್ನೆಯ ಕೂದಲು ಹಾಗೇ ಉಳಿಸಿಕೊಂಡು ಬೂದಿಯಲ್ಲಿ ಉರುಳಿತು. ಯಮನಪ್ಪ ಬೇವಿನ ಬುಡಕ್ಕೆ ಒರಗಿ, ಏನೋ ರುಚಿ ನೋಡುವವನಂತೆ ಬಾಯಿ ಅರೆತೆರೆದು ಕುಳಿತಿದ್ದ. ಉಸಿರು ಮಾತ್ರ ಇರಲಿಲ್ಲ.

“ಒಲಿಗೆ ನೀರ ಹಾಕ್ರಿ,” ಎಂದ ರಾಮಲಿಂಗಪ್ಪ. ಓಣಿಗೆ ಅವನೇ ಹಿರಿಯ. “ಹೆಣ ಹೋಗೂತನಕ ಓಣ್ಯಾಗ ಬೆಂಕಿ ಇಲ್ಲ.”

“ಮತ್ತ ದುರಗವ್ವನ ಹೋತ?” ಯಮನಪ್ಪನ ತಮ್ಮನ ಮಗ ಭರಮಪ್ಪ ಕೇಳಿದ. ಹೊತ್ತು ಹುಟ್ಟುವಾಗ ದೇವಿಗೆ ಕಡಿದದ್ದು ಹೊತ್ತು ಮುಳುಗುವುದರೊಳಗೆ ಉಂಡು ಮುಗಿಯಬೇಕು. ಅದು ಮರುದಿನ ಕಾಣುವಂತಿಲ್ಲ, ಊರ ಸೀಮೆ ದಾಟುವಂತಿಲ್ಲ.

“ಮಣ್ಣ ಮಾಡಿ ಬಂದ ಮ್ಯಾಲೆ ನೀ ಮಾಡು.”

“ನಾನಾ?”

“ಮತ್ಯಾರು? ಅವನ ಒಲಿಗೆ ಕಟಗಿ ಒಟ್ಟಾಂವ ನೀನ ಅಲ್ಲೇನ?”

ಮಧ್ಯಾಹ್ನದ ಹೊತ್ತಿಗೆ ಮುರಗೋಡದ ಕಡೆಯ ನೆಂಟರೂ ಬಂದರು. ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಗಂಡಸರು ಎಲೆಅಡಿಕೆ ಮೆಲ್ಲುತ್ತ ಸತ್ತವನ ಕೈರುಚಿಯನ್ನು ನೆನೆದರು.

“ಸಿರಸಂಗಿ ಗುಡ್ಡದಾಗ ಒಂದ ಮುಳ್ಳಹಂದಿ ಸಿಕ್ಕಿತ್ತು,” ಎಂದ ರಾಯಪ್ಪ. “ತಂದು ಮುಂದ ಒಗದೆ. ಹುಣಸಿ ಚಿಗರು ಹಾಕಿ ಅದೇನ ಕುದಿಸಿದ್ನೋ, ನಮ್ಮ ಮುದುಕಿ ಹಲ್ಲಿಲ್ಲದಾಕಿ ಎಲುವು ಚೀಪಿದ್ಲು.”

“ಉಡ, ಮೊಲ, ಕೌಜುಗ, ಏನ ತಂದ್ರೂ ಒಲ್ಲೆ ಅಂದಾಂವಲ್ಲ.”

“ಕಾಗಿ ಹಿಡಕೊಂಡ ಹೋಗಿದ್ರೂ ಕೋಳಿ ಮಾಡಿ ಕೊಡ್ತಿದ್ದ ಬಿಡಪಾ.”

ನಗೆ ಎದ್ದಿತು. ಒಳಗಿನ ಅಳು ಕೇಳಿ ತಾನೇ ಅಡಗಿತು.

“ಖಾರ ಹಾಕೂ ಹೊತ್ತ ಅವಗ ಒಬ್ಬಗ ಗೊತ್ತಿತ್ತು,” ಎಂದ ರಾಮಲಿಂಗಪ್ಪ. “ಅದನ್ನ ಯಾರಿಗೂ ಕಲಿಸಲಿಲ್ಲ.”

ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಶಟ್ಟೆವ್ವನಿಗೆ ಆ ಮಾತು ಕೇಳಿಸಿತು. ಅವಳು ಗಂಡನ ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದಳು.

\*

ಮಾನಮೋಡಿ ಜ್ವರ ಊರೂರು ಹೊಕ್ಕು, ಗೋಣು ಮುರಿದಂತೆ ಜನರನ್ನು ಕೆಡವಿದ ವರ್ಷ ಯಮನಪ್ಪನೂ ಹದಿನೈದು ದಿನ ಮಲಗಿದ್ದ. ಎದ್ದ ಮೇಲೆ ಮೊದಲು ಮಾಡಿದ್ದು ಮೊಲ. ಶಟ್ಟೆವ್ವ ಒಂದು ತುತ್ತು ಬಾಯಿಗಿಟ್ಟವಳೇ ಉಗುಳಿದಳು.

“ಎಣ್ಣಿ ಕೆಟ್ಟೈತಲ್ರೀ! ಮೂಗಿಗೆ ಬಡೀಲಿಲ್ಲೇನ?”

ಅವನು ಎಣ್ಣೆಯ ಗಡಿಗೆಗೆ ಮುಖ ಹಚ್ಚಿದ. ಬಳ್ಳೊಳ್ಳಿ ಜಜ್ಜಿ ಮೂಗಿಗೆ ಹಿಡಿದ. ಹಿತ್ತಲಿಗೆ ಹೋಗಿ ಸಗಣಿಯನ್ನೂ ಮೂಸಿ ನೋಡಿ ಬಂದು ಕುಳಿತ. ಜಗತ್ತು ಅವನ ಪಾಲಿಗೆ ತೊಳೆದಿಟ್ಟ ಗಡಿಗೆಯಂತೆ ಬರಿದಾಗಿತ್ತು.

“ಯಾರ ಮುಂದೂ ಅನಬ್ಯಾಡ,” ಎಂದ.

“ಅನ್ನೂದಿಲ್ಲ.”

ದೇವಿಯ ಒಲೆಯ ಹತ್ತಿರ ಹೆಂಗಸರು ನಿಲ್ಲುವಂತಿರಲಿಲ್ಲ, ನೀರು ತಂದುಕೊಡಬಹುದಿತ್ತು. ಹೋತದ ಮಾಂಸಕ್ಕೆ ಒಂದು ಗಬ್ಬು ಉಂಟು. ಕುದಿಕುದಿದು ಅದು ಹಬೆಯಲ್ಲಿ ಪೂರಾ ಹೋಗುವ ಮೊದಲೇ ಖಾರ ಬಿದ್ದರೆ ಗಬ್ಬು ಒಳಗೇ ಕೂತುಬಿಡುತ್ತದೆ. ಆಮೇಲೆ ನಾಯಿಯೂ ಹಿಂದೆಮುಂದೆ ನೋಡುತ್ತದೆ. ಶಟ್ಟೆವ್ವ ಹಬೆಯ ಗಾಳಿ ಬೀಸುವ ಕಡೆ, ಬೇವಿನ ಆಚೆ ಕೊಡ ಹೊತ್ತು ನಿಲ್ಲುತ್ತಿದ್ದಳು. ಕೊಡ ಸೊಂಟದ ಮೇಲಿದ್ದರೆ ಇನ್ನೂ ಆಗಿಲ್ಲ, ತಲೆಗೇರಿತೆಂದರೆ ಹೊತ್ತಾಯಿತು. ಆಗ ಯಮನಪ್ಪ ಸವಟು ಮೇಲೆತ್ತಿ, ಓಣಿಗೆಲ್ಲ ಕೇಳುವಂತೆ ಮೂಗೆಳೆದು, “ಹಾಂ, ಬಂತ ನೋಡ್ರಿ!” ಎನ್ನುತ್ತಿದ್ದ. ರಾತ್ರಿ ಮನೆಯಲ್ಲಿ ಅದನ್ನು ಮತ್ತೊಮ್ಮೆ ಮಾಡಿ ತೋರಿಸಿ ಅವಳನ್ನು ನಗಿಸುತ್ತಿದ್ದ.

ಆರು ವರ್ಷ ಹೀಗೇ ನಡೆಯಿತು.

\*

ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ, ಮಿಂದು ಬಂದು, ಗಂಡಸರು ಮತ್ತೆ ಒಲೆ ಹೊತ್ತಿಸಿದರು. ಹೋತ ಕುದಿಯತೊಡಗಿತು. ಗಾಳಿ ನೇರ ಶಟ್ಟೆವ್ವ ಕೂತಲ್ಲಿಗೇ ಬರುತ್ತಿತ್ತು. ಅವಳು ಬೇಡವೆಂದರೂ ಮೂಗು ಕೇಳಲಿಲ್ಲ.

ಹೊರಗೆ ಭರಮಪ್ಪ ಕೂಗಿ ಕೇಳಿದ. “ಹಾಕ್ಲ್ಯಾ?”

“ಹಾಕಪಾ, ಹೊತ್ತ ಇಳ್ಯಾಕ ಹತ್ತೇತಿ,” ಎಂದ ರಾಯಪ್ಪ.

ಗಬ್ಬು ಇನ್ನೂ ಅರ್ಧ ಹಾಗೇ ಇತ್ತು. ತಾನು ಸುಮ್ಮನಿದ್ದರೆ ಎಲ್ಲರೂ ಉಗುಳುತ್ತಾರೆ, ಯಮನಪ್ಪನ ಸಂಗಡ ರುಚಿಯೂ ಮಣ್ಣಿಗೆ ಹೋಯಿತು ಎನ್ನುತ್ತಾರೆ. ಅವನ ಹೆಸರು ಇನ್ನಷ್ಟು ಬೆಳೆಯುತ್ತದೆ. ಮಾತಾಡಿದರೆ, ಹಸಿ ಮಣ್ಣು ಆರುವ ಮೊದಲೇ ಅವನನ್ನು ನಗೆಗೆ ಈಡು ಮಾಡಿದಂತೆ. ಅಲ್ಲದೆ ಅವಳು ಕೊಟ್ಟ ಮಾತೊಂದಿತ್ತು. ಆದರೆ ದೇವಿಯ ಎಡೆ ಕೆಡಿಸಿದವನು ಎಂಬ ಹೆಸರು ಭರಮಪ್ಪನಿಗೆ ಸಾಯುವತನಕ ಅಂಟುತ್ತದೆ. ಅವನಿಗಿನ್ನೂ ಇಪ್ಪತ್ತೆರಡು.

ಶಟ್ಟೆವ್ವ ಎದ್ದಳು.

“ಎಲ್ಲಿಗೆವಾ? ಇವತ್ತ ನೀ ಹೊಸ್ತಲಾ ದಾಟಬಾರ್ದು!” ನೆರೆಮನೆಯ ಬೀರವ್ವ ಸೆರಗು ಹಿಡಿದಳು. ಅವಳು ಸೆರಗು ಬಿಡಿಸಿಕೊಂಡು ನಡೆದಳು.

“ಹಾಕಬ್ಯಾಡ ಭರಮಾ.”

ಮುಷ್ಟಿ ತುಂಬ ಖಾರ ಹಿಡಿದಿದ್ದ ಭರಮಪ್ಪನ ಕೈ ಹಂಡೆಯ ಮೇಲೇ ನಿಂತಿತು. “ಯಾಕ ದೊಡ್ಡವ್ವಾ?”

“ಹೋತದ ವಾಸನಿ ಇನ್ನೂ ಹೋಗಿಲ್ಲ.”

“ಅಲ್ಲೇ ಕುಂತಾಕಿಗೆ ನಿನಗ್ಹ್ಯಾಂಗ ತಿಳೀತು?” ರಾಯಪ್ಪ ಕೇಳಿದ.

ಅವಳು ಒಂದು ಗಳಿಗೆ ಹಳ್ಳದ ಕಡೆ ನೋಡಿದಳು.

“ಜ್ವರದ ವರ್ಷದಿಂದ ಅವರಿಗೆ ಯಾವ ವಾಸನೀನೂ ಹತ್ತತಿದ್ದಿಲ್ಲ. ಕೈ ಅವರ್ದು. ಮೂಗ ನಂದು.”

ಯಾರೋ ಹಿಂದೆ ಕಿಸಕ್ಕೆಂದರು. ರಾಯಪ್ಪ ಬಾಯಿ ತೆರೆದ. “ಹಂಗಾರ ಇಷ್ಟ ದಿನ ನಾವ ಹೊಗಳಿದ್ದು...”

“ಉಂಡಿದ್ದು ಸುಳ್ಳೇನಲೇ?” ರಾಮಲಿಂಗಪ್ಪ ತಡೆದ. ಬೇವಿನ ಆಚೆಗಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಲೆಯ ಮುಂದಿನಿಂದ ತಾನು ಎರಡು ಹೆಜ್ಜೆ ಹಿಂದೆ ಸರಿದ. “ಬಾ ತಂಗೀ. ಇಲ್ಲಿ ನಿಲ್ಲು.”

ಅವಳು ಬಂದು ನಿಂತಳು. ಹೊತ್ತು ಗುಡ್ಡಕ್ಕೆ ತಾಗುತ್ತಿತ್ತು. ಭರಮಪ್ಪನ ಬೆವರಿಗೆ ಖಾರ ಅಂಗೈಗೆ ಅಂಟತೊಡಗಿತ್ತು. ಆದರೂ ಅವನು ಮುಷ್ಟಿ ಬಿಚ್ಚಲಿಲ್ಲ. ಶಟ್ಟೆವ್ವ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಮುಖವನ್ನು ಹಬೆಯೊಳಗೆ ಇಟ್ಟಳು. ಮುಂಜಾನೆ ಮೂಗುಬೊಟ್ಟು ತೆಗೆದಿದ್ದರು. ಆ ಜಾಗದಲ್ಲಿ ಸಣ್ಣದೊಂದು ತೂತು ಮಾತ್ರ ಇತ್ತು. ಓಣಿಯ ಗಂಡಸರೆಲ್ಲ ಅದನ್ನೇ ನೋಡುತ್ತ, ಉಸಿರು ಹಿಡಿದು ಕಾದರು.